ಲೋಗೋ ತಿದ್ದಲು ಎಲ್ಲರೂ, ಬೈಗುಳ ತಿನ್ನಲು ನಾನೊಬ್ಬಳೇ

ನಮ್ಮ ಕಂಪನಿಯ ಫೇಸ್‌ಬುಕ್ ಪೇಜು ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಹಾಕಲು ಒಂದು ಹೊಸ ವರ್ಷದ ಶುಭಾಶಯ. ಎರಡು ಸಾಲು, ಒಂದು ಚಿತ್ರ. ಇದಕ್ಕೆ ಮಾರ್ಕೆಟಿಂಗ್‌ನವರ ಒಪ್ಪಿಗೆ ಬೇಕು, ಸೇಲ್ಸ್‌ನವರ ಒಪ್ಪಿಗೆ ಬೇಕು, ಲೀಗಲ್‌ನವರು ಕಣ್ಣಾಡಿಸಬೇಕು. ಆಮೇಲೆ, ಯಾವ ವಿಭಾಗದವರು ಅಂತ ಇವತ್ತಿಗೂ ನನಗೆ ಗೊತ್ತಾಗದ ಒಬ್ಬರು ಬಂದು "ಲೋಗೋ ಸ್ವಲ್ಪ ದೊಡ್ಡದು ಮಾಡಿ" ಅನ್ನಬೇಕು. ಎಲ್ಲರೂ ಹೂಂ ಅನ್ನುವಷ್ಟರಲ್ಲಿ ಹೊಸ ವರ್ಷ ಹಳೆಯದಾಗಿರುತ್ತದೆ.

ಇಷ್ಟು ಬಿಗಿ ಇರುವ ಕಂಪನಿಯಲ್ಲಿ ಆ ಪೇಜಿನ ಪಾಸ್‌ವರ್ಡ್ ಎಲ್ಲಿದೆ ಗೊತ್ತಾ? ಒಂದು ವಾಟ್ಸಾಪ್ ಗ್ರೂಪಿನಲ್ಲಿ. ಕೆಲಸ ಬಿಟ್ಟು ಹೋದವರೂ ಅದರಲ್ಲಿದ್ದಾರೆ, ಹಳೇ ಜಾಹೀರಾತು ಏಜೆನ್ಸಿಯ ಹುಡುಗನೂ ಇದ್ದಾನೆ. ಓಟಿಪಿ ಬರುವುದು ಯಾವತ್ತೋ ರಾಜೀನಾಮೆ ಕೊಟ್ಟ ಮ್ಯಾನೇಜರ್ ಫೋನಿಗೆ. "ಸಾರ್, ಒಂದು ನಂಬರ್ ಬಂದಿರುತ್ತೆ, ಹೇಳ್ತೀರಾ?" ಅಂತ ನಾನು ಗೋಗರೆಯಬೇಕು. ಪಾಪ, ಒಳ್ಳೆಯ ಮನುಷ್ಯ, ಹೇಳುತ್ತಾರೆ. ಒಂದು ದಿನ ಫೋನ್ ಎತ್ತದಿದ್ದರೆ ಕಂಪನಿಯ ಬಾಯಿಗೆ ಬೀಗ.

ಫೇಸ್‌ಬುಕ್ ಪೇಜಿಗೆ ಪಾಸ್‌ವರ್ಡ್ ಹಂಚುವ ಅಗತ್ಯವೇ ಇಲ್ಲ ಕಣ್ರೀ. ಪೋಸ್ಟ್ ಹಾಕುವವರು ಯಾರು, ಕಮೆಂಟಿಗೆ ಉತ್ತರ ಕೊಡುವವರು ಯಾರು, ಬರೀ ಜಾಹೀರಾತು ನೋಡಿಕೊಳ್ಳುವವರು ಯಾರು ಅಂತ ಒಬ್ಬೊಬ್ಬರಿಗೂ ಬೇರೆ ಬೇರೆ ಅನುಮತಿ ಕೊಡಬಹುದು. ಕೆಲಸ ಬಿಟ್ಟವರ ಹೆಸರು ತೆಗೆದರೆ ಮುಗಿಯಿತು. ಇದನ್ನು ಹೇಳಿದರೆ "ಐಟಿಯವರನ್ನು ಕೇಳಿ" ಅನ್ನುತ್ತಾರೆ. ಐಟಿಯವರು "ಅದು ಮಾರ್ಕೆಟಿಂಗ್ ವಿಷಯ" ಅನ್ನುತ್ತಾರೆ.

2013ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಸಂಗೀತದ ಸಿಡಿ ಮಾರುವ ಅಂಗಡಿಗಳ ಎಚ್‌ಎಂವಿ ಕಂಪನಿ ಜನರನ್ನು ಕೆಲಸದಿಂದ ತೆಗೆಯುತ್ತಿತ್ತು. ಕಂಪನಿಯ ಟ್ವಿಟರ್ ಖಾತೆ ಇನ್ನೂ ನೌಕರರ ಕೈಯಲ್ಲೇ ಇತ್ತು. ನಮ್ಮನ್ನೆಲ್ಲ ತೆಗೆಯುತ್ತಿದ್ದಾರೆ ಅಂತ ಅದರಲ್ಲೇ ಬರೆದರು. ಟ್ವಿಟರ್ ಮುಚ್ಚುವುದು ಹೇಗೆ ಅಂತ ಮಾರ್ಕೆಟಿಂಗ್ ನಿರ್ದೇಶಕರು ಕೇಳುತ್ತಿದ್ದಾರೆ ಅನ್ನುವುದನ್ನೂ ಬರೆದರು. ಎಲ್ಲರಿಗೂ ನಗು. ನನಗೆ ಬರಲ್ಲ.

ಅದಕ್ಕೂ ಮುಂಚೆ, 2011ರಲ್ಲಿ, ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಯ ಟ್ವಿಟರ್ ಖಾತೆಯಿಂದ ಡೆಟ್ರಾಯ್ಟ್‌ನ ಡ್ರೈವರುಗಳಿಗೆ ಒಂದು ಕೆಟ್ಟ ಬೈಗುಳ ಹೋಯಿತು. ಆ ಖಾತೆ ನೋಡಿಕೊಳ್ಳುತ್ತಿದ್ದ ಏಜೆನ್ಸಿಯ ನೌಕರ ತನ್ನ ಸ್ವಂತ ಖಾತೆ ಅಂದುಕೊಂಡು ಹಾಕಿದ್ದು. ಅವನ ಕೆಲಸ ಹೋಯಿತು. ಏಜೆನ್ಸಿಯ ಗುತ್ತಿಗೆಯನ್ನೂ ಕಂಪನಿ ಮುಂದುವರಿಸಲಿಲ್ಲ. ನನ್ನ ಫೋನಿನಲ್ಲೂ ಸ್ವಂತ ಖಾತೆ, ಕಂಪನಿ ಖಾತೆ ಅಕ್ಕಪಕ್ಕ ಕೂತಿವೆ. ಬೇರೆ ಫೋನ್ ಕೇಳಿದರೆ ಬಜೆಟ್ ಇಲ್ಲ. ರೀಲ್ಸ್ ಬೂಸ್ಟ್ ಮಾಡಿ ಹೆಚ್ಚು ಜನರಿಗೆ ತೋರಿಸಲು ಮಾತ್ರ ಎಲ್ಲಿಂದಲೋ ದುಡ್ಡು ಉದುರುತ್ತದೆ.

ಇದೆಲ್ಲ ಸಹಿಸಬಹುದು. ರಜಾ ದಿನ ರಾತ್ರಿ ಬರುವ ದೂರನ್ನು ಹೇಗೆ ಸಹಿಸುವುದು? ಗ್ರಾಹಕರೊಬ್ಬರು ಹಾಳಾದ ವಸ್ತುವಿನ ಫೋಟೋ ಹಾಕಿ ಬೈಯುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ನನ್ನ ಹತ್ತಿರ ಅವರ ಆರ್ಡರ್ ವಿವರ ಇಲ್ಲ, ದುಡ್ಡು ವಾಪಸ್ ಕೊಡುವ ಅಧಿಕಾರ ಇಲ್ಲ, ಕ್ಷಮೆ ಕೇಳಲೂ ಅನುಮತಿ ಬೇಕು. ಸರ್ವಿಸ್‌ನವರಿಗೆ ಮೆಸೇಜ್ ಹಾಕಿದರೆ ನೀಲಿ ಟಿಕ್ ಮಾತ್ರ ಬರುತ್ತದೆ. ಅಷ್ಟರಲ್ಲಿ ಆ ಫೋಟೋ ಊರೆಲ್ಲ ಸುತ್ತಿರುತ್ತದೆ. ಅದರ ಮಧ್ಯೆ, ಮೊದಲೇ ಶೆಡ್ಯೂಲ್ ಮಾಡಿಟ್ಟ "ನಿಮ್ಮ ನಗುವೇ ನಮ್ಮ ಗುರಿ" ಅನ್ನೋ ಪೋಸ್ಟ್ ಠಣ್ ಅಂತ ಹೊರಗೆ ಬೀಳುತ್ತದೆ. ಅದನ್ನು ನಿಲ್ಲಿಸಿ ಅಂತ ಹೇಳಬೇಕಾದವರು ಯಾರು? ಗೊತ್ತಿಲ್ಲ. ಬೆಳಿಗ್ಗೆ ದೊಡ್ಡ ಸಾಹೇಬರಿಂದ ಸ್ಕ್ರೀನ್‌ಶಾಟ್ ಬರುತ್ತದೆ. ಕೆಳಗೆ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ.

ಪೋಸ್ಟ್ ಓಡಿದರೆ ಮಾತ್ರ "ನಮ್ಮ ಟೀಮಿನ ಐಡಿಯಾ" ಅನ್ನುವವರು ಸಾಲುಗಟ್ಟುತ್ತಾರೆ.

ನಾನೇನು ದೊಡ್ಡ ವ್ಯವಸ್ಥೆ ಕೇಳಲಿಲ್ಲ. ಒಂದು ಹಾಳೆ ಬರೆದು ಕಳಿಸಿದೆ. ಮಾಮೂಲಿ ಪೋಸ್ಟಿಗೆ ಒಬ್ಬರ ಒಪ್ಪಿಗೆ ಸಾಕು. ಬೆಲೆ, ಆಫರ್, ಬೇರೆ ಕಂಪನಿ ಜೊತೆ ಹೋಲಿಕೆ ಇದ್ದರೆ ಮಾತ್ರ ಲೀಗಲ್‌ಗೆ ಹೋಗಲಿ. ಯಾವ ದೂರು ಯಾರಿಗೆ, ಎಷ್ಟು ಹೊತ್ತಿನೊಳಗೆ ಉತ್ತರ ಅಂತ ಬರೆದಿಡಿ. ರಜಾ ದಿನ ಪಾಳಿ ಹಾಕಿ. ದೊಡ್ಡ ಗಲಾಟೆಯಾದರೆ ಶೆಡ್ಯೂಲ್ ಆಗಿರುವುದನ್ನೆಲ್ಲ ನಿಲ್ಲಿಸುವ ಹಕ್ಕು ಡ್ಯೂಟಿಯಲ್ಲಿರುವವರಿಗೇ ಇರಲಿ. ಖಾತೆಗಳ ಪಟ್ಟಿ ಮಾಡಿ. ಒಂದೊಂದು ಬ್ರಾಂಚಿನವರೂ ತಮ್ಮಷ್ಟಕ್ಕೆ ಪೇಜು ತೆರೆದು ಬಿಟ್ಟುಹೋಗಿದ್ದಾರೆ, ಅಲ್ಲಿ ಗ್ರಾಹಕರು ಇನ್ನೂ ಪ್ರಶ್ನೆ ಕೇಳುತ್ತಾ ಕೂತಿದ್ದಾರೆ. ಯಾರಾದರೂ ಕೆಲಸ ಬಿಟ್ಟರೆ ಐಡಿ ಕಾರ್ಡ್ ಜೊತೆ ಖಾತೆಯ ಅನುಮತಿಯನ್ನೂ ವಾಪಸ್ ತೆಗೆದುಕೊಳ್ಳಿ. ಇಷ್ಟೇ.

ಹಾಳೆಗೆ ಉತ್ತರ ಬರಲಿಲ್ಲ, ಮೀಟಿಂಗ್ ಕರೆದರು. ಇನ್ನೊಂದು ಹೊಸ ಆ್ಯಪ್‌ನಲ್ಲೂ ಕಂಪನಿ ಖಾತೆ ತೆರೆಯಬೇಕಂತೆ. ಓಟಿಪಿ ಯಾರ ನಂಬರಿಗೆ ಬರಬೇಕು ಅಂತ ಕೇಳಿದೆ.

"ಸದ್ಯಕ್ಕೆ ನಿಮ್ಮದೇ ಹಾಕಿಬಿಡಿ" ಅಂದರು.