ಸಾಯೋಕೂ ಪಾಸ್‌ಪೋರ್ಟ್ ಬೇಕು

ಗುಹೆಯಲ್ಲಿ ಸಿಕ್ಕಿಬಿದ್ದ ಹೆಂಗಸು ಬದುಕಿ ಬರುತ್ತಾಳಾ, ಇಲ್ವಾ? ನೀವು ಟಿಕೆಟ್ ತಗೊಂಡಿದ್ದು ಯಾವ ದೇಶದಲ್ಲಿ, ಮೊದಲು ಅದು ಹೇಳಿ.

2005ರ ಬ್ರಿಟಿಷ್ ಸಿನಿಮಾ 'ದಿ ಡಿಸೆಂಟ್'. ಆರು ಜನ ಗೆಳತಿಯರು ಗುಹೆಗೆ ಇಳಿಯುತ್ತಾರೆ. ಒಳಗೆ ಮನುಷ್ಯರನ್ನು ತಿನ್ನುವ ಜೀವಿಗಳು. ಕೊನೆಗೆ ಸಾರಾ ಒಬ್ಬಳೇ ಮೂಳೆಗಳ ಗುಡ್ಡೆ ಹತ್ತಿ, ಬಿಲದಿಂದ ಹೊರಗೆ ತೂರಿ, ಕಾರು ಹತ್ತಿ ಪರಾರಿಯಾಗುತ್ತಾಳೆ. ಬ್ರಿಟನ್ನಿನವರಿಗೆ ಇದೆಲ್ಲ ಬರೀ ಕನಸು. ಕಣ್ಣು ಬಿಟ್ಟರೆ ಅದೇ ಗುಹೆ. ಎದುರಿಗೆ ಎಂದೋ ತೀರಿಹೋದ ಮಗಳು, ಮೇಣದಬತ್ತಿ ಉರಿಯುವ ಬರ್ತ್‌ಡೇ ಕೇಕು. ಸುತ್ತ ಆ ಜೀವಿಗಳ ಸದ್ದು. ಮರುವರ್ಷ ಅಮೆರಿಕಕ್ಕೆ ಹೋಗುವಾಗ ಕೇಕಿಗೇ ಕತ್ತರಿ ಬಿತ್ತು. ಕಾರಿನಲ್ಲಿ ಒಂದು ಸಲ ಕಿರುಚಿಸಿ ಸಿನಿಮಾ ಮುಗಿಸಿದರು. ಒಂದು ನಿಮಿಷ ಹೋಯಿತು, ಒಂದು ಜೀವ ಉಳಿಯಿತು. ಇಷ್ಟು ಅಗ್ಗದ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿದೆ ಹೇಳಿ? ತಮಾಷೆ ಅಂದ್ರೆ, ಕಥೆಯಲ್ಲಿ ಆ ಗುಹೆ ಇರೋದೇ ಅಮೆರಿಕದಲ್ಲಿ.

ಇದಕ್ಕೆ ಪಂಡಿತರ ಹತ್ತಿರ ಕಾರಣ ರೆಡಿ ಇರುತ್ತದೆ. ಬ್ರಿಟನ್ನಿನಲ್ಲಿ ಮಳೆ ಜಾಸ್ತಿ, ಸಾಮ್ರಾಜ್ಯ ಬೇರೆ ಕೈಬಿಟ್ಟಿತು, ಅದಕ್ಕೇ ಅವರಿಗೆ ಸಾವು ಇಷ್ಟ. ಅಮೆರಿಕದವರು ಹುಟ್ಟಾ ಆಶಾವಾದಿಗಳು. ಆಯ್ತು ಬಿಡಿ. ಹಾಗಾದರೆ 'ಬ್ರೆಜಿಲ್' ಅನ್ನುವ ಸಿನಿಮಾದ ಜಗಳ ಏನು? 1985ರಲ್ಲಿ ಯೂನಿವರ್ಸಲ್ ಸ್ಟುಡಿಯೋದ ದೊಡ್ಡ ಯಜಮಾನ ಸಿಡ್ ಶೈನ್‌ಬರ್ಗ್ ಆ ಸಿನಿಮಾ ನೋಡಿ ಹೌಹಾರಿದರು. ನಾಯಕ ಹಿಂಸೆ ತಾಳಲಾರದೆ, ಹುಚ್ಚು ಹಿಡಿದು, ಕುರ್ಚಿಯಲ್ಲಿ ಕೂತು ಹಾಡು ಗುನುಗುತ್ತಾನೆ. ಅವನು ತಪ್ಪಿಸಿಕೊಂಡದ್ದೆಲ್ಲ ಅವನ ತಲೆಯೊಳಗೆ ಮಾತ್ರ. ಸ್ಟುಡಿಯೋ ಏನು ಮಾಡಿತು ಗೊತ್ತಾ? ಯುರೋಪಿನಲ್ಲಿ 142 ನಿಮಿಷ ಓಡಿದ್ದನ್ನು 94ಕ್ಕೆ ಇಳಿಸಿ, ಆ ಹುಚ್ಚನ ಕನಸನ್ನೇ ನಿಜ ಮಾಡಿತು. ನನ್ನ ಸಿನಿಮಾ ಯಾವಾಗ ಬಿಡುಗಡೆ ಮಾಡ್ತೀರಿ ಅಂತ ನಿರ್ದೇಶಕ ಟೆರಿ ಗಿಲಿಯಂ 'ವೆರೈಟಿ' ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಹಾಕಿ ಕೇಳಿದರು. ಕರಾಳ ಅಂತ್ಯವೇ ಬೇಕು ಅಂತ ಹಟ ಹಿಡಿದ ಈ ಗಿಲಿಯಂ ಹುಟ್ಟಿದ್ದು ಎಲ್ಲಿ? ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ.

ಅಲ್ಲಿಗೆ ಮಳೆಯ ಕಥೆ ಕೊಚ್ಚಿಹೋಯಿತು. ಉಳಿದದ್ದು ಟಿಕೆಟ್ ಕೌಂಟರಿನ ಭಯ. ಬಿಡುಗಡೆಗೆ ಮೊದಲೇ ಒಂದಷ್ಟು ಜನರನ್ನು ಕೂರಿಸಿ ಸಿನಿಮಾ ತೋರಿಸುತ್ತಾರೆ, ಕೈಗೊಂದು ಕಾರ್ಡು ಕೊಡುತ್ತಾರೆ. ಮದುವೆ ಊಟ ಹೇಗಿತ್ತು ಅಂತ ಕೇಳಿದ ಹಾಗೆ. ಯಾರೋ 'ಬೇಜಾರಾಯ್ತು' ಅಂತ ಬರೆದರೆ ಸಾಕು, ಸತ್ತವರು ಎದ್ದು ಕೂರುತ್ತಾರೆ.

ಬ್ರಿಟಿಷರು ಇದನ್ನು ಓದಿ ಮೀಸೆ ತಿರುವುವುದು ಬೇಡ. 1681ರಲ್ಲಿ ನೇಹಮ್ ಟೇಟ್ ಅನ್ನುವ ಲಂಡನ್ ಮಹಾಶಯ ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕವನ್ನೇ ರಿಪೇರಿ ಮಾಡಿದ. ರಾಜ ಸಾಯಲಿಲ್ಲ, ಮಗಳು ಕಾರ್ಡೀಲಿಯಾ ಸಾಯಲಿಲ್ಲ, ಮೇಲಿಂದ ಅವಳಿಗೆ ಮದುವೆ ಭಾಗ್ಯ ಬೇರೆ! ಲಂಡನ್ನಿನ ಜನ ಹೆಚ್ಚುಕಡಿಮೆ 150 ವರ್ಷ ಇದನ್ನೇ ನೋಡಿ ಖುಷಿಯಾಗಿ ಮನೆಗೆ ಹೋದರು. ಸಿನಿಮಾ ಇರಲಿಲ್ಲ, ಕಾರ್ಡೂ ಇರಲಿಲ್ಲ.

ಟೇಟ್ ಇನ್ನೊಂದು ಕೆಲಸವನ್ನೂ ಮಾಡಿದ್ದ. ರಾಜನ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವ ಆ ವಿದೂಷಕ ಇದ್ದನಲ್ಲ, ಅವನನ್ನು ನಾಟಕದಿಂದಲೇ ತೆಗೆದುಹಾಕಿದ್ದ.