ಜೀಪಿನ ತುಕ್ಕಿಗೆ ಹೊಳೆ ಮರಳು ಬೇಡ, ಭಾವ

ಕೊಡಗಿನ ತೋಟದ ಮನೆಗಳಲ್ಲಿ ಹಳೆ ಜೀಪು ಮನೆಯವರ ಪೈಕಿ ಒಬ್ಬ. ಅದಕ್ಕೆ ಬರುವ ಕಾಯಿಲೆಯೂ ಒಂದೇ, ತುಕ್ಕು. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಮೇಲೆ ಹಿಂದೆ ಹೇರುವ ಪೊಟ್ಯಾಷ್, ಯೂರಿಯಾ ಮೂಟೆ. ಮೂಟೆ ಒಡೆದು ಚೆಲ್ಲಿದ ಗೊಬ್ಬರ ತಗಡಿನ ಸಂದಿಯಲ್ಲಿ ಕೂತು ತಿನ್ನುತ್ತದೆ.

ನಮ್ಮ ಮನೆ ಸೋಮವಾರಪೇಟೆ ಹತ್ತಿರ. ನಾನಿರುವುದು ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ. ಇಲ್ಲಿ ನನ್ನ ಗ್ಯಾರೇಜಿನ ಮೂಲೆಯಲ್ಲಿ ಒಂದು ಸಣ್ಣ ಬ್ಲಾಸ್ಟಿಂಗ್ ಕ್ಯಾಬಿನೆಟ್ ಇದೆ. ಅಂದರೆ ಮುಚ್ಚಿದ ಪೆಟ್ಟಿಗೆ, ಅದರೊಳಗೆ ಗ್ಲೌಸಿನ ಕೈ ಹಾಕಿ, ಗಾಳಿಯ ಒತ್ತಡದಲ್ಲಿ ಗಟ್ಟಿ ಪುಡಿಯನ್ನು ಗನ್ನಿನಿಂದ ಹೊಡೆದು ತುಕ್ಕು, ಬಣ್ಣ ತೆಗೆಯುವುದು. ಹಳೆ ಬೈಕಿನ ಸಾಮಾನನ್ನೆಲ್ಲ ಅದರಲ್ಲೇ ಚೊಕ್ಕ ಮಾಡುತ್ತೇನೆ. ಅದನ್ನು ವೀಡಿಯೋ ಕಾಲಿನಲ್ಲಿ ನೋಡಿದ ಭಾವ ಊರಲ್ಲಿ ಜೀಪು ಬಿಚ್ಚಿಟ್ಟಿದ್ದಾರೆ. "ನೀನು ಮನೇಲೇ ಮಾಡ್ತೀಯಲ್ಲ, ಇಲ್ಲಿ ಹೊಳೆ ಮರಳು ಪುಕ್ಕಟೆ ಇದೆ. ಗನ್ ಒಂದು ತಗೊಂಡ್ರೆ ಕಾಫಿ ಒಣಗಿಸೋ ಕಣದಲ್ಲೇ ಹೊಡೆಸಬಹುದು ಅಲ್ವಾ?" ಅಂತ ಅವರ ಪ್ರಶ್ನೆ.

ಹೊಡೆಸಬಹುದು. ತುಕ್ಕೂ ಹೋಗುತ್ತದೆ. ಆದರೂ ಬೇಡ ಅನ್ನುತ್ತೇನೆ.

ಹೊಳೆ ಮರಳಿನಲ್ಲಿ ಹೆಚ್ಚಿನದು ಸಿಲಿಕಾ ಅನ್ನುವ ಖನಿಜ. ಗಾಳಿಯ ರಭಸಕ್ಕೆ ಕಬ್ಬಿಣಕ್ಕೆ ಬಡಿದಾಗ ಪ್ರತಿ ಕಣವೂ ಪುಡಿಯಾಗುತ್ತದೆ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಅಪಾಯ. ಅದು ಶ್ವಾಸಕೋಶದ ತಳಕ್ಕೆ ಹೋಗಿ ಅಲ್ಲೇ ಉಳಿದು ಗಾಯ ಮಾಡುತ್ತದೆ. ಹೀಗೆ ಬರುವ ಶ್ವಾಸಕೋಶದ ಕಾಯಿಲೆಗೆ ಸಿಲಿಕೋಸಿಸ್ ಅನ್ನುತ್ತಾರೆ, ಬಂದರೆ ಗುಣವಾಗುವುದಿಲ್ಲ. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಎರಕದ ಸಾಮಾನಿಗೆ ಹೀಗೆ ಮರಳು ಹೊಡೆಯುವುದನ್ನು 1949ರ ನಿಯಮದಲ್ಲೇ ನಿಲ್ಲಿಸಿದರು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಸಿಲಿಕೋಸಿಸ್ ಕಂಡರೆ ವರದಿ ಮಾಡಲೇಬೇಕು ಅಂದಿತ್ತು. ಆದರೆ ಕಾಫಿ ಕಣಕ್ಕೆ ಯಾವ ಇನ್‌ಸ್ಪೆಕ್ಟರ್ ಬರುತ್ತಾನೆ? ಹೊಳೆ ಮರಳು ಬೇಡ ಅಂದರೆ ಎಂ ಸ್ಯಾಂಡ್ ಹಾಕೋಣ ಅನ್ನುವವರೂ ಇದ್ದಾರೆ. ಗ್ರಾನೈಟ್ ಕಲ್ಲು ಪುಡಿ ಮಾಡಿದ್ದು ತಾನೇ ಅದು, ಅದರಲ್ಲೂ ಸಿಲಿಕಾ ಇದೆ.

ಎರಡೂ ಊರಿನ ಪದ್ಧತಿಯಲ್ಲಿ ನನಗೆ ಕಾಣುವ ದೊಡ್ಡ ವ್ಯತ್ಯಾಸ ಯಂತ್ರದ್ದಲ್ಲ. ಇಲ್ಲಿ ಕೂಲಿ ದುಬಾರಿ. ಅದಕ್ಕೇ ಜನ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಗನ್ ಹಿಡಿಯುವವನೂ ಅವನೇ, ಧೂಳು ಕುಡಿಯುವವನೂ ಅವನೇ. ಹಾಗಾಗಿ ಮಾಸ್ಕಿಗೆ ದುಡ್ಡು ಹಾಕಲು ಹಿಂದೆಮುಂದೆ ನೋಡುವುದಿಲ್ಲ. ನಮ್ಮ ಕಡೆ ಜೀಪಿನ ಯಜಮಾನ ಜಗುಲಿಯಲ್ಲಿ ಕಾಫಿ ಕುಡಿಯುತ್ತಿರುತ್ತಾನೆ, ಗನ್ ಇರುವುದು ಮುಖಕ್ಕೆ ಟವೆಲ್ ಸುತ್ತಿಕೊಂಡ ಹುಡುಗನ ಕೈಯಲ್ಲಿ. ಟವೆಲ್ ಆ ಧೂಳನ್ನು ತಡೆಯುವುದಿಲ್ಲ. ಪುಕ್ಕಟೆ ಅನ್ನುವ ಲೆಕ್ಕದಲ್ಲಿ ಆ ಹುಡುಗ ಸೇರಿಲ್ಲ. ಭಾವನಿಗೆ ಇದನ್ನು ನೇರವಾಗಿಯೇ ಹೇಳಿದೆ, ಅವರಿಗೆ ಅಷ್ಟು ಹಿಡಿಸಲಿಲ್ಲ.

ಇನ್ನು ಯಂತ್ರದ ಮಾತು. ಎಲ್ಲರೂ ಗನ್ ಬಗ್ಗೆ ಕೇಳುತ್ತಾರೆ. ಕೇಳಬೇಕಾದದ್ದು ಕಂಪ್ರೆಸರ್ ಬಗ್ಗೆ. 3 ಮಿಲಿಮೀಟರ್ ನಾಜಲ್, ಅಂದರೆ ಗನ್ನಿನ ಮೂತಿಯ ತೂತು, 90 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 16–18 ಘನ ಅಡಿ ಗಾಳಿ ನುಂಗುತ್ತದೆ. 5 ಮಿಲಿಮೀಟರ್ ಆದರೆ 40 ದಾಟುತ್ತದೆ. ಮನೆಯ ಸಿಂಗಲ್ ಫೇಸಿನಲ್ಲಿ ಓಡುವ 3 ಹೆಚ್‌ಪಿ ಕಂಪ್ರೆಸರ್ ನಿಜವಾಗಿ ಕೊಡುವುದು 9–10 ಮಾತ್ರ. ಡಬ್ಬದ ಮೇಲೆ 14 ಅಂತ ಬರೆದಿರುತ್ತಾರೆ, ಅದು ಪಿಸ್ಟನ್ ಅಳತೆಯ ಲೆಕ್ಕ, ಹೊರಗೆ ಬರುವ ಗಾಳಿಯದ್ದಲ್ಲ. ಸ್ವಲ್ಪ ಹೊತ್ತು ಹೊಡೆದು, ಟ್ಯಾಂಕಿನಲ್ಲಿ ಮತ್ತೆ ಗಾಳಿ ತುಂಬುವವರೆಗೆ ಕಾಯಬೇಕು. ಬ್ರಾಕೆಟ್, ಬೋಲ್ಟಿಗೆ ಇದು ಸಾಕು. ಜೀಪಿನ ಅಡಿಯ ದೊಡ್ಡ ಚೌಕಟ್ಟು, ಅಂದರೆ ಚಾಸಿಗೆ ಕೂತರೆ ಕಂಪ್ರೆಸರ್ ಸುಟ್ಟೇ ಹೋಗಬಹುದು. ತೋಟದ ಪಂಪ್‌ಸೆಟ್ಟಿಗೆ ಮೂರು ಫೇಸ್ ಇದೆ ಅಂತ ಭಾವ ಹೇಳಿದರು. ಅದರ ವೋಲ್ಟೇಜಿನ ಕಥೆ ಅವರಿಗೇ ಚೆನ್ನಾಗಿ ಗೊತ್ತು.

ಖರ್ಚು ಅಂದಾಜು ಹೇಳುವುದಾದರೆ, ಊರಲ್ಲಿ 3 ಹೆಚ್‌ಪಿ ಕಂಪ್ರೆಸರಿಗೆ 30–45 ಸಾವಿರ, ಸಣ್ಣ ಕ್ಯಾಬಿನೆಟ್ಟಿಗೆ ಹೆಚ್ಚೂಕಮ್ಮಿ ಅಷ್ಟೇ. ಕ್ಯಾಬಿನೆಟ್ ಪರಿಚಯದ ವೆಲ್ಡರ್ ಕೈಯಲ್ಲೂ ಮಾಡಿಸಬಹುದು, ಆದರೆ ಬಾಗಿಲಿನ ರಬ್ಬರ್ ಬಿಗಿಯಾಗಿರಲಿ. ಧೂಳೆಳೆಯುವ ಫ್ಯಾನ್ ಇಲ್ಲದ ಕ್ಯಾಬಿನೆಟ್ ತರಲೇಬೇಡಿ. ಮರಳಿನ ಬದಲು ಕಬ್ಬಿಣಕ್ಕೆ ಅಲ್ಯುಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್ ಪುಡಿ, ಎಂಜಿನ್ ಕವರಿನಂಥ ಅಲ್ಯುಮಿನಿಯಂ ಸಾಮಾನಿಗೆ ಗ್ಲಾಸ್ ಬೀಡ್, ಅಂದರೆ ಗಾಜಿನ ಸಣ್ಣ ಗುಂಡು. ಮರಳು ಒಂದು ಸಲಕ್ಕೇ ಪುಡಿ, ಇವು ಕ್ಯಾಬಿನೆಟ್ಟಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಬೆಲೆ ಜಾಸ್ತಿ ಅನ್ನಿಸಿದರೂ ತೀರಾ ನಷ್ಟವಿಲ್ಲ.

ಎಡ ಕೈಯಲ್ಲಿ ಸಾಮಾನು, ಬಲಗೈಯಲ್ಲಿ ಗನ್. ನೇರ ಹೊಡೆಯದೆ ಸ್ವಲ್ಪ ಓರೆಯಾಗಿ ಹೊಡೆಯಬೇಕು. ಹಳೆ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು, ಕೆಳಗಿನ ಬೂದು ಕಬ್ಬಿಣ ಕಾಣಿಸುತ್ತದೆ. ಎರಕದಲ್ಲಿ ಮೂಡಿದ್ದ ನಂಬರ್ ಕೂಡ ಓದಲು ಬರುತ್ತದೆ. ಆಗಲೇ ಬಾಗಿಲು ತೆಗೆಯುವ ಆಸೆ. ತೆಗೆಯಬಾರದು, ಒಳಗಿನ ಧೂಳಿನ ಮಂಜು ಫ್ಯಾನಿನಲ್ಲಿ ಹೋಗಲಿ. ಕ್ಯಾಬಿನೆಟ್ ಇದ್ದರೂ, ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರಿನ ರಬ್ಬರ್ ಮಾಸ್ಕ್ ಬೇಕು, ಹಳೆ ಬಣ್ಣದಲ್ಲಿ ಸೀಸ ಇರಬಹುದು. ಕ್ಯಾಬಿನೆಟ್ಟಿಗೆ ಅರ್ಥಿಂಗ್ ಕೊಡಿ, ಇಲ್ಲದಿದ್ದರೆ ಕೈಗೆ ಚುರುಕ್ ಅನ್ನುತ್ತದೆ. ಬೇರಿಂಗ್ ಕೂರುವ ಜಾಗ, ಥ್ರೆಡ್, ಆಯಿಲ್ ತೂತು ಎಲ್ಲ ಮುಚ್ಚಿಡಿ. ಗ್ಲಾಸ್ ಬೀಡ್ ಒಂದು ಆಯಿಲ್ ತೂತಿನಲ್ಲಿ ಉಳಿದರೆ ಎಂಜಿನ್ನಿಗೆ ಕೆಟ್ಟ ಕಾಲ. ಪೆಟ್ರೋಲ್ ಟ್ಯಾಂಕಿನ ತಂಟೆಗಂತೂ ಹೋಗಬೇಡಿ, ಒಳಗೆ ಆವಿ ಉಳಿದಿದ್ದರೆ ಒಂದು ಕಿಡಿ ಸಾಕು. ಬಾನೆಟ್ಟಿನ ತಗಡಿಗೆ ಜೋರಾಗಿ ಹೊಡೆದರೆ ಸೊಟ್ಟಗಾಗುತ್ತದೆ, ಅದಕ್ಕೆ ಪೇಂಟ್ ರಿಮೂವರ್ ಮತ್ತು ಎಮರಿ ಪೇಪರೇ ಸರಿ.

ಇಲ್ಲಿಯೂ ಗಾಳಿಯಲ್ಲಿ ತೇವ ಇದೆ. ಆದರೆ ಕೊಡಗಿನ ಜುಲೈ ಬೇರೆ. ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ತುಂಬುತ್ತದೆ, ಗನ್ನಿನಲ್ಲಿ ಪುಡಿ ಗಂಟು ಕಟ್ಟುತ್ತದೆ. ಗಾಳಿಯಲ್ಲಿನ ನೀರು ಹಿಡಿಯುವ ವಾಟರ್ ಟ್ರ್ಯಾಪ್ ಇಲ್ಲದೆ ಶುರು ಮಾಡಬೇಡಿ. ಬೆತ್ತಲೆ ಕಬ್ಬಿಣಕ್ಕೆ ಮಳೆಗಾಲದಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪು ಏರುತ್ತದೆ. ಅದೇ ದಿನ ಪ್ರೈಮರ್ ಬೀಳಬೇಕು, ಅಲ್ಲಿವರೆಗೆ ಬರಿಗೈಯಲ್ಲಿ ಮುಟ್ಟಬಾರದು. ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ ಮಾಡುವ ಕೆಲಸ ಇದು.

ಹಾಗಾಗಿ ನನ್ನ ಸಲಹೆ ಇಷ್ಟು. ಸಣ್ಣ ಸಾಮಾನಿಗೆ ಕ್ಯಾಬಿನೆಟ್ ತಗೊಳ್ಳಿ, ನೆಂಟರಿಷ್ಟರು ಸೇರಿ ತಗೊಂಡರೆ ಇನ್ನೂ ಒಳ್ಳೆಯದು. ಚಾಸಿ, ಆಕ್ಸಲ್ ಮೈಸೂರಿನ ಪೌಡರ್ ಕೋಟಿಂಗ್ ಅಂಗಡಿಗೆ ಹೋಗಲಿ. ಅಲ್ಲಿ ರೇಟ್ ಕೇಳುವ ಮುಂಚೆ ಏನು ಹೊಡೀತೀರಿ ಅಂತ ಕೇಳಿ, ಹೊಡೆಯುವವನ ತಲೆ ಮೇಲೆ ಗಾಳಿ ಪೈಪಿನ ಹೆಲ್ಮೆಟ್ ಇದೆಯಾ ನೋಡಿ. ಮರಳಾದರೆ ವಾಪಸ್ ಬನ್ನಿ. ಭಾವ ಕ್ಯಾಬಿನೆಟ್ಟಿಗೆ ಒಪ್ಪಿದ್ದಾರೆ. ಮೈಸೂರಿಗೆ ಚಾಸಿ ಸಾಗಿಸುವ ಪಿಕಪ್ ಬಾಡಿಗೆ ಯಾರು ಕೊಡಬೇಕು ಅನ್ನುವ ಜಗಳ ಮಾತ್ರ ಇನ್ನೂ ನಡೀತಾ ಇದೆ.