ಸತ್ಯಾಂಶ: ಪಿಚರ್ ಕಣ್ಣು ಕಿರಿದು ಮಾಡುವುದು ಹೆದರಿಸಲು ಅಲ್ಲ

"ಬೇಸ್‌ಬಾಲ್ ಪಿಚರ್ ಕಣ್ಣು ಕಿರಿದು ಮಾಡಿ ಬ್ಯಾಟರ್‌ನನ್ನು ಹೆದರಿಸುತ್ತಾನೆ, ಗ್ಲೌಸ್ ಒಳಗೆ ಗುಟ್ಟಾಗಿ ಚೆಂಡಿಗೆ ಎಂಜಲು ಹಚ್ಚುತ್ತಾನೆ" ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ವಿಷಯ ಹಾಗಿಲ್ಲ.

ಪಿಚರ್ ಅಂದರೆ ಚೆಂಡು ಎಸೆಯುವವನು. ಅವನು ನೋಡುತ್ತಿರುವುದು ಬ್ಯಾಟರ್‌ನ ಹಿಂದೆ ನಮ್ಮ ವಿಕೆಟ್ ಕೀಪರ್ ಥರ ಕುಕ್ಕರಗಾಲಲ್ಲಿ ಕೂತ ಕ್ಯಾಚರ್‌ನ ಬೆರಳುಗಳನ್ನು. ಯಾವ ಎಸೆತ ಹಾಕಬೇಕು ಅನ್ನೋ ಸನ್ನೆ ಅದು. ತೊಡೆಗಳ ನಡುವಿನ ನೆರಳಲ್ಲಿ ಒಂದು ಬೆರಳು ಕಂಡರೆ ಸಾಮಾನ್ಯವಾಗಿ ಫಾಸ್ಟ್‌ಬಾಲ್ (ವೇಗದ ಎಸೆತ), ಎರಡಾದರೆ ಕರ್ವ್‌ಬಾಲ್ (ಬಾಗಿ ಬರುವ ಎಸೆತ). ಪಿಚರ್ ನಿಂತಿರುವುದು ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ನಿಂದ 60 ಅಡಿ 6 ಇಂಚು ದೂರದಲ್ಲಿ. ಕಣ್ಣು ಕಿರಿದಾಗದೆ ಇನ್ನೇನು!

ಚೆಂಡನ್ನು ಗ್ಲೌಸ್ ಒಳಗೆ ಮುಚ್ಚಿಡುವುದು ಅದರ ಹಿಡಿತ ಬ್ಯಾಟರ್‌ಗೆ ಕಾಣದಿರಲಿ ಅಂತ. ಫಾಸ್ಟ್‌ಬಾಲ್‌ಗೆ ಎರಡು ಬೆರಳು ಕೆಂಪು ಹೊಲಿಗೆಯ ಮೇಲೆ ಅಡ್ಡ ಕೂರುತ್ತವೆ. ಚೇಂಜಪ್‌ಗೆ (ನಿಧಾನದ ಎಸೆತಕ್ಕೆ) ಚೆಂಡು ಅಂಗೈಯೊಳಗೆ ಸರಿಯುತ್ತದೆ. ಅದು ಕಂಡರೆ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹಾಗೆ, ಅಲ್ವಾ? ನಮ್ಮ ಜಹೀರ್ ಖಾನ್ ಓಡಿ ಬರುವಾಗ ಚೆಂಡಿನ ಹೊಳಪಿನ ಮುಖ ಕಾಣದಂತೆ ಕೈ ಅಡ್ಡ ಹಿಡಿಯುತ್ತಿದ್ದದ್ದೂ ಇದೇ ಲೆಕ್ಕ.

ಎಂಜಲು ಹಚ್ಚುವ ಸ್ಪಿಟ್‌ಬಾಲ್ ಹಿಂದೆ ಇತ್ತು, ನಿಜ. ಅಮೆರಿಕದ ಮೇಜರ್ ಲೀಗ್‌ನಲ್ಲಿ 1920ರಲ್ಲೇ ಅದಕ್ಕೆ ನಿಷೇಧ ಬಿತ್ತು, ಕೆಲವು ಹಳಬರಿಗೆ ಮಾತ್ರ ವಿನಾಯಿತಿ.

2022ರಿಂದ ಅಲ್ಲಿ ಬೆರಳು ಸನ್ನೆಯ ಬದಲು ಪಿಚ್‌ಕಾಮ್ ಅನ್ನೋ ಸಾಧನ ಬಂದಿದೆ. ಕ್ಯಾಚರ್ ಗುಂಡಿ ಒತ್ತಿದರೆ ಪಿಚರ್‌ನ ಟೋಪಿಯೊಳಗೆ ಸಂದೇಶ ಕೇಳುತ್ತದೆ. ಈಗ ದಿಟ್ಟಿಸುವ ಕೆಲಸ ಕಡಿಮೆ. ಚೆಂಡು ಮಾತ್ರ ಇನ್ನೂ ಗ್ಲೌಸ್ ಒಳಗೇ.